ಆಯುಧಪೂಜೆಯ ಎಣ್ಣೆ ಮತ್ತು ಒಂದು ಹಳೇ ಏರ್‌ಗನ್

ಉಡುಪಿಯಲ್ಲಿ ನನ್ನದೊಂದು ಚಿಕ್ಕ ವರ್ಕ್‌ಶಾಪ್ ಇದೆ. ಮಳೆಗಾಲ ಶುರುವಾದರೆ ಅದರ ಅಂಗಳದ ತುಂಬ ಗಟಾರ್ ಪಂಪುಗಳು, ಅಂದರೆ ತೋಟಕ್ಕೆ ಮದ್ದು ಸಿಂಪಡಿಸುವ ಪಂಪುಗಳು. ಅಡಿಕೆಗೆ ಮದ್ದು ಬಿಡುವವರಿಗೆ ಆಗ ಒಂದು ದಿನವೂ ಪುರುಸೊತ್ತಿಲ್ಲ. ಮಳೆ ಬಿಟ್ಟ ಎರಡು ಗಂಟೆಯೊಳಗೆ ಬೋರ್ಡೋ ದ್ರಾವಣ ಹೊಡೆದು ಮುಗಿಸಬೇಕು. ಪಂಪು ಕೈಕೊಟ್ಟರೆ ತೋಟವನ್ನು ಕೊಳೆರೋಗಕ್ಕೆ ಬಿಟ್ಟುಕೊಟ್ಟ ಹಾಗೆ. ಅಂಥ ಗಡಿಬಿಡಿಯ ಒಂದು ಬೆಳಿಗ್ಗೆ ಹೆಬ್ರಿ ಕಡೆಯ ಒಬ್ಬರು ಮಾಷ್ಟ್ರು, ರಿಟೈರ್ ಆಗಿ ವರ್ಷಗಳಾದವರು, ಹಳೇ ಬೆಡ್‌ಶೀಟಿನಲ್ಲಿ ಸುತ್ತಿದ ಉದ್ದದ ವಸ್ತುವೊಂದನ್ನು ತಂದು ಬೆಂಚಿನ ಮೇಲೆ ಇಟ್ಟರು.

"ಎಂತ ಮಾಷ್ಟ್ರೆ, ಕೊಡೆಯಾ?"

"ಕೊಡೆ ಅಲ್ಲ ಮಾರಾಯ. ಬಿಚ್ಚಿ ನೋಡು."

ಬಿಚ್ಚಿದೆ. ಬೆಂಜಮಿನ್ ಕಂಪನಿಯ 317. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ತಯಾರಾಗುತ್ತಿದ್ದ ಪಂಪ್ ಮಾಡುವ ಏರ್‌ಗನ್. ಮೈ ಪೂರ್ತಿ ಹಿತ್ತಾಳೆ. ಮೇಲಿನ ಕಪ್ಪು ಬಣ್ಣ, ನಿಕಲ್ ಲೇಪನ ಹೆಚ್ಚುಕಡಿಮೆ ಹೋಗಿ ದೇವರಕೋಣೆಯ ಹಳೇ ದೀಪದ ಹಾಗೆ ಕಾಣುತ್ತಿತ್ತು. ಮಾಷ್ಟ್ರ ಸೋದರಮಾವ ಹಡಗಿನಲ್ಲಿ ಕೆಲಸಕ್ಕಿದ್ದವರು, 1960ರ ದಶಕದಲ್ಲಿ ತಂದದ್ದಂತೆ. ತೋಟಕ್ಕೆ ಮಂಗ ಬಂದರೆ ಗುಂಡು ಹಾಕದೆ ಸುಮ್ನೆ ಸದ್ದು ಮಾಡಿ ಓಡಿಸಲು ಇಟ್ಟುಕೊಂಡಿದ್ದರು. ಮಾವ ಹೋದ ಮೇಲೆ ಇಪ್ಪತ್ತೈದು ವರ್ಷ ಅಟ್ಟದಲ್ಲಿತ್ತು. ಈಗ ಪಂಪ್ ಮಾಡಿದರೆ ಗಾಳಿ ನಿಲ್ಲುವುದಿಲ್ಲ.

"ವಾಲ್ವ್ ಹೋಗಿದೆ ಅಂತ ಒಬ್ಬ ರಿಪೇರಿಯವ ಹೇಳಿದ. ಬಿಚ್ಚಿದ, ಕಟ್ಟಿದ, ದುಡ್ಡು ತಗೊಂಡ. ಮೊದಲಾದರೂ ಫುಸ್ ಅನ್ನುತ್ತಿತ್ತು, ಈಗ ಅದೂ ಇಲ್ಲ."

"ನೋಡುವ ಮಾಷ್ಟ್ರೆ" ಅಂದೆ. ಪಂಪು, ವಾಲ್ವು, ಚರ್ಮದ ವಾಷರ್ ಎಲ್ಲ ನನಗೆ ದಿನನಿತ್ಯದ ಕೆಲಸ, ಇದರಲ್ಲೇನು ಮಹಾ ಎಂದುಕೊಂಡೆ. ಎರಡು ದಿನದ ಕೆಲಸ ಅಂತ ಒಪ್ಪಿಕೊಂಡದ್ದು ಐದು ವಾರ ಹಿಡಿಯಿತು.

ಮುಟ್ಟುವ ಮೊದಲು ಕಾನೂನಿನ ಮಾತು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯ ಒಳ ಅಳತೆ 0.177 ಇಂಚು, ಅಂದರೆ 4.5 ಮಿಲಿಮೀಟರ್ ಮೀರದ, ಶಕ್ತಿ 20 ಜೂಲ್ ದಾಟದ ಏರ್‌ಗನ್ನಿಗೆ ಲೈಸೆನ್ಸ್ ಬೇಡ. ಇದೇ ಕಂಪನಿಯ 312 ಆಗಿದ್ದರೆ ಅದು 0.22 ಇಂಚಿನದು, ನಾನು ಬೆಡ್‌ಶೀಟ್ ಸುತ್ತಿ ವಾಪಸ್ ಕೊಡುತ್ತಿದ್ದೆ. 317 ಅಂದರೆ 0.177. ಅಳೆದು ನೋಡಿ ಖಾತ್ರಿ ಮಾಡಿಕೊಂಡೆ. ಮಂಗನಿಗೆ ಗುರಿ ಇಡುವ ಮಾತೇ ಇಲ್ಲ, ವನ್ಯಜೀವಿ ಕಾಯ್ದೆ ಇದೆ ಎಂದೂ ಮಾಷ್ಟ್ರಿಗೆ ಹೇಳಿದೆ. "ಮಕ್ಕಳಿಗೆ ಅದನ್ನೇ ಪಾಠ ಮಾಡಿದವ ನಾನು" ಅಂದರು.

ಈ ಬಗೆಯ ಗನ್ ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ಹೇಳಬೇಕು. ನಮ್ಮಲ್ಲಿ ಜಾಸ್ತಿ ಕಾಣುವುದು ಸ್ಪ್ರಿಂಗ್ ಗನ್. ನಳಿಗೆ ಮಡಚಿದರೆ ಸ್ಪ್ರಿಂಗ್ ಕುಗ್ಗುತ್ತದೆ, ಟ್ರಿಗರ್ ಎಳೆದರೆ ಪಿಸ್ಟನ್ ಓಡಿ ಗಾಳಿ ತಳ್ಳುತ್ತದೆ. ಅದರಲ್ಲಿ ಗಾಳಿ ಕೂಡಿಡುವ ಪ್ರಶ್ನೆಯೇ ಇಲ್ಲ. ಬೆಂಜಮಿನ್ ಹಾಗಲ್ಲ. ಕೆಳಗಿನ ಮರದ ಹಿಡಿಯೇ ಪಂಪಿನ ಹ್ಯಾಂಡಲ್. ಅದನ್ನು ತೆರೆದು ಮುಚ್ಚಿದ ಹಾಗೆಲ್ಲ ಪಿಸ್ಟನ್ ಗಾಳಿಯನ್ನು ಒಂದು ಪುಟ್ಟ ಕೋಣೆಗೆ ತುಂಬುತ್ತದೆ. ಕೋಣೆಗೆ ಎರಡು ಬಾಗಿಲು. ಮುಂದಿನದು ಒಳಗೆ ಬರುವ ಗಾಳಿಗೆ. ಬಂದ ಗಾಳಿಯೇ ಅದನ್ನು ಹಿಂದಿನಿಂದ ಒತ್ತಿ ಮುಚ್ಚಿಡುತ್ತದೆ, ಗಟಾರ್ ಪಂಪಿನ ವಾಲ್ವಿನ ಹಾಗೆಯೇ. ಹಿಂದಿನದು ಹೊರಗೆ ಹೋಗುವ ಗಾಳಿಗೆ. ಟ್ರಿಗರ್ ಎಳೆದಾಗ ಸುತ್ತಿಗೆ ಅದರ ಕಡ್ಡಿಗೆ ಹೊಡೆಯುತ್ತದೆ, ಬಾಗಿಲು ಒಂದು ಕ್ಷಣ ತೆರೆಯುತ್ತದೆ, ಕೂಡಿಟ್ಟ ಗಾಳಿ ಗುಂಡಿನ ಹಿಂದೆ ನುಗ್ಗುತ್ತದೆ. ಎರಡು ಬಾಗಿಲು, ಒಂದು ಪಂಪಿನ ಚರ್ಮ, ವಾಲ್ವಿನ ಮೈಗೂ ಕೊಳವೆಗೂ ನಡುವಿನ ಒಂದು ಸೀಲು. ಗಾಳಿ ಹೋಗುವುದಾದರೆ ಈ ನಾಲ್ಕರಲ್ಲಿ ಒಂದು ಕಡೆಯಿಂದಲೇ.

ಎಲ್ಲಿ ಸೋರುತ್ತದೆ ಅನ್ನುವುದನ್ನು ಬಿಚ್ಚದೆಯೇ ಕಂಡುಹಿಡಿಯಬಹುದು. ಹ್ಯಾಂಡಲ್ ಮುಚ್ಚುವಾಗ ಕೈಗೆ ಬಿಗಿಯೇ ಸಿಗದಿದ್ದರೆ ತಪ್ಪು ಚರ್ಮದ್ದು. ಬಿಗಿ ಸಿಕ್ಕಿ, ಮುಚ್ಚಿದ ಹ್ಯಾಂಡಲ್ ತಾನಾಗಿ ಮೆಲ್ಲ ತೆರೆದುಕೊಂಡರೆ ಮುಂದಿನ ಬಾಗಿಲು. ನಳಿಗೆಯ ಬಾಯಿಂದ ಗಾಳಿ ಬರುತ್ತಿದ್ದರೆ ಹಿಂದಿನದು. ಇದ್ಯಾವುದೂ ಅಲ್ಲದೆ ಗಾಳಿ ಮಾಯವಾದರೆ ವಾಲ್ವಿನ ಮೈ ಸುತ್ತಲಿನ ಸೀಲು.

ಮೊದಲ ಪರೀಕ್ಷೆಯಲ್ಲಿ ಹ್ಯಾಂಡಲ್ ಮನೆಯ ಬಾಗಿಲು ಮುಚ್ಚಿದಷ್ಟು ಸಲೀಸಾಗಿ ಮುಚ್ಚಿತು. ಬಿಗಿಯೇ ಇಲ್ಲ. ಸರಿ, ಚರ್ಮ ಒಣಗಿದೆ. ಹ್ಯಾಂಡಲಿನ ಪಿನ್ ತೆಗೆದು ಪಿಸ್ಟನ್ ಎಳೆದೆ. ಚರ್ಮದ ಬಟ್ಟಲು ಹಪ್ಪಳದ ಹಾಗಾಗಿತ್ತು. ಅದರ ಹಿಂದೆ ಸೈಕಲ್ ಟ್ಯೂಬಿನ ಎರಡು ತುಂಡು, ಕತ್ತರಿಯಲ್ಲಿ ಕತ್ತರಿಸಿದ್ದು. ಅದು ಹಿಂದಿನ ರಿಪೇರಿಯವನ ಕೈಚಳಕ. ಸೈಕಲ್ ಟ್ಯೂಬಿನ ರಬ್ಬರಿಗೆ ಎಂಜಿನ್ ಆಯಿಲ್, ಗ್ರೀಸ್ ಆಗದು. ಊದಿಕೊಳ್ಳುತ್ತದೆ, ಮೆತ್ತಗಾಗುತ್ತದೆ. ಎರಡೂ ತುಂಡು ಬೇಯಿಸಿದ ಹಲಸಿನ ಸೊಳೆಯ ಹಾಗೆ ಉಬ್ಬಿದ್ದವು.

ಕೊಳವೆಯೊಳಗೆ ಟಾರ್ಚ್ ಬಿಟ್ಟೆ. ತುದಿಯಲ್ಲಿ, ಮುಂದಿನ ಬಾಗಿಲಿನ ಸುತ್ತ, ಹಸಿರು. ಗಾಢ ಹಸಿರು. ಉದ್ದ ಕಡ್ಡಿಗೆ ಹತ್ತಿ ಸುತ್ತಿ ಒರೆಸಿದೆ. ಮೇಣದ ಹಾಗೆ ಅಂಟಿಕೊಂಡು ಬಂತು. ಮೂಗಿಗೆ ಹಿಡಿದರೆ ಹಳೇ ಚಕ್ಕುಲಿ ಡಬ್ಬಿಯ ವಾಸನೆ.

ಮಾಷ್ಟ್ರಿಗೆ ಫೋನ್ ಮಾಡಿದೆ. "ಇದಕ್ಕೆ ಎಂತ ಎಣ್ಣೆ ಹಾಕ್ತಿದ್ರಿ?"

"ತೆಂಗಿನೆಣ್ಣೆ. ನಮ್ಮ ಗಾಣದ್ದೇ, ಒಳ್ಳೇದು. ಪ್ರತಿ ವರ್ಷ ಆಯುಧಪೂಜೆಗೆ ಕೆಳಗಿಳಿಸಿ, ಒರೆಸಿ, ಒಂದು ಚಮಚ ಒಳಗೆ ಬಿಟ್ಟು, ಕುಂಕುಮ ಹಚ್ಚಿ, ಹೂವು ಇಟ್ಟು ಮತ್ತೆ ಮೇಲೆ. ಒಂದು ವರ್ಷವೂ ತಪ್ಪಿಸಿಲ್ಲ ನೋಡು."

ಒಂದು ವರ್ಷವಾದರೂ ತಪ್ಪಿಸಬೇಕಿತ್ತು! ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ತೆಂಗಿನೆಣ್ಣೆ ಹಳತಾದರೆ ಕೆಡುತ್ತದೆ, ಅದರಲ್ಲಿ ಆಮ್ಲ ಬಿಡುತ್ತದೆ. ಹಿತ್ತಾಳೆಯಲ್ಲಿ ಇರುವುದು ತಾಮ್ರ ಮತ್ತು ಸತು. ಆ ಆಮ್ಲ ತಾಮ್ರದ ಜೊತೆ ಸೇರಿ ಹಸಿರು ಸಾಬೂನಿನಂಥದ್ದೊಂದು ಹುಟ್ಟುತ್ತದೆ. ಕಂಚಿನ ದೀಪದ ಬುಡದಲ್ಲಿ ಎಣ್ಣೆ ನಿಂತು ಕಿಲುಬು ಕಟ್ಟುವುದು ನೋಡಿಲ್ವಾ, ಅದೇ. ಇಪ್ಪತ್ತೈದು ಚಮಚ ಎಣ್ಣೆ ಕೊಳವೆಯಲ್ಲಿ ಇಳಿದು, ಬಾಗಿಲಿನ ಸಂದಿನಲ್ಲಿ ಕೂತು, ಕಿಲುಬಾಗಿ, ಬಾಗಿಲು ಪೂರ್ತಿ ಮುಚ್ಚದ ಹಾಗೆ ಮಾಡಿತ್ತು. ಪ್ರೀತಿಯಿಂದ ಹಾಕಿದ ಎಣ್ಣೆ ಎಂದು ಹಿತ್ತಾಳೆಗೆ ಹೇಗೆ ಗೊತ್ತಾಗಬೇಕು.

ಈಗ ವಾಲ್ವ್ ಹೊರತೆಗೆಯಲೇಬೇಕು. ಸುತ್ತಿಗೆ, ಸ್ಪ್ರಿಂಗ್ ಹಿಂದಿನಿಂದ ಬಂದವು. ಬಿಚ್ಚುವ ಮೊದಲು ಗುಂಡಿಲ್ಲದೆ ಮರಳಿನ ಚೀಲಕ್ಕೆ ಹಿಡಿದು ಎರಡು ಸಲ ಟ್ರಿಗರ್ ಎಳೆದೆ. ಒಳಗೆ ಗಾಳಿ ಉಳಿದಿದ್ದು ನಟ್ಟು ಸಡಿಲಿಸಿದರೆ ಅದು ಮುಖಕ್ಕೇ ಬರುತ್ತದೆ. ಗಾಳಿ ನಿಲ್ಲದ ಗನ್ ಅಂತ ಮಾಲೀಕರು ಹೇಳಿದರೂ ಕನ್ನಡಕ ಹಾಕಿಕೊಂಡೇ ಕೂತೆ.

ವಾಲ್ವನ್ನು ಹಿಡಿದ ನಟ್ಟು ಕೊಳವೆಯ ಆಳದಲ್ಲಿದೆ. ಅದಕ್ಕೆ ಎರಡು ಗೀರು, ನಡುವೆ ವಾಲ್ವಿನ ಕಡ್ಡಿ. ಯಾವ ಸ್ಪ್ಯಾನರೂ ಹೋಗದು. ಹಿಂದಿನವನು ಉದ್ದದ ಉಳಿ ಇಟ್ಟು ಹೊಡೆದಿದ್ದ. ಒಂದು ಗೀರಿನ ಅಂಚು ಹಲ್ಲು ಮುರಿದ ಹಾಗೆ ಎದ್ದಿತ್ತು. ನಾನು ಒಂದು ಉಕ್ಕಿನ ಪೈಪ್ ತುಂಡನ್ನು ಲೇತಿನಲ್ಲಿ ತಿರುವಿ, ಕೊಳವೆಯೊಳಗೆ ಅಲುಗಾಡದೆ ಕೂರುವಷ್ಟು ಮಾಡಿ, ತುದಿಯಲ್ಲಿ ಎರಡು ಹಲ್ಲು ಬಿಟ್ಟು ಉಳಿದದ್ದನ್ನು ಅರದಿಂದ ಉಜ್ಜಿ ತೆಗೆದೆ. ಕಡ್ಡಿಗೆ ನಡುವಿನ ತೂತು ಹೇಗೂ ಇತ್ತು. ಒಂದು ಸಂಜೆ ಪೂರ್ತಿ ಅದಕ್ಕೇ ಹೋಯಿತು, ನಡುವೆ ಎರಡು ಸಲ ಕರೆಂಟೂ ಹೋಯಿತು.

ನಟ್ಟು ಕದಲಲಿಲ್ಲ. ಇಂಥ ಹೊತ್ತಿಗೆ ಯಾರ ಕೈಯಾದರೂ ಗ್ಯಾಸ್ ಟಾರ್ಚಿಗೆ ಹೋಗುತ್ತದೆ. ಈ ಗನ್ನಿನಲ್ಲಿ ಅದು ಕೂಡದು. ನಳಿಗೆಯನ್ನೂ ಪಂಪಿನ ಕೊಳವೆಯನ್ನೂ ತವರ-ಸೀಸದ ಬೆಸುಗೆಯಿಂದ ಒಂದಕ್ಕೊಂದು ಕೂಡಿಸಿರುತ್ತಾರೆ. ಅಂಥ ಬೆಸುಗೆ 183 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಕರಗಲು ಶುರುವಾಗುತ್ತದೆ. ಒಂದು ನಿಮಿಷದ ಬೆಂಕಿಗೆ ನಳಿಗೆ ಒಂದು ಕಡೆ, ಕೊಳವೆ ಒಂದು ಕಡೆ ಆದರೆ ಮತ್ತೆ ನೇರಕ್ಕೆ ಕೂಡಿಸುವುದು ನನ್ನ ಕೈಲಾಗುವ ಕೆಲಸವಲ್ಲ. ಸೀಮೆಎಣ್ಣೆ ಬಿಟ್ಟು ರಾತ್ರಿ ಇಟ್ಟೆ. ಬೆಳಿಗ್ಗೆ ಬಟ್ಟೆ ಸುತ್ತಿ ಕುದಿಯುವ ನೀರು ಹೊಯ್ದೆ, ಪೈಪನ್ನು ಒತ್ತಿ ಹಿಡಿದು ತಿರುಗಿಸಿದೆ. ಮೂರನೇ ದಿನ 'ಟಕ್' ಅಂತು.

ವಾಲ್ವ್ ಕೈಗೆ ಬಂದಾಗ ಹೆಬ್ಬೆರಳಿನಷ್ಟು ಇತ್ತು. ಮುಂದಿನ ಬಾಗಿಲಿನ ಸೀಲು ಕಲ್ಲಾಗಿತ್ತು, ಅದರ ಮುಖದಲ್ಲಿ ಉಂಗುರದ ಗುರುತು ಆಳವಾಗಿ ಬಿದ್ದಿತ್ತು. ಹಿಂದಿನ ಬಾಗಿಲಿನದೂ ಅದೇ ಕತೆ. ಕಿಲುಬನ್ನು ವಿನೆಗರ್ ಹಾಕಿ, ಹಲ್ಲುಜ್ಜುವ ಬ್ರಶ್ಶಿನಿಂದ ತೆಗೆದು, ಬಿಸಿನೀರಲ್ಲಿ ಚೆನ್ನಾಗಿ ತೊಳೆದು ಒಣಗಿಸಿದೆ. ಹುಣಸೆಹಣ್ಣೂ ಆಗುತ್ತಿತ್ತು, ಆದರೆ ಅದರ ನಾರು ಸಣ್ಣ ತೂತಿನಲ್ಲಿ ಕೂತರೆ ಮತ್ತೆ ಅದನ್ನು ಹುಡುಕಬೇಕು.

ಇಲ್ಲಿ ನನ್ನ ತಪ್ಪು. ವರ್ಕ್‌ಶಾಪಿನಲ್ಲಿ ನೈಟ್ರೈಲ್ ರಬ್ಬರ್ ಹಾಳೆ ಇತ್ತು, ಗಡಸು 70 ಶೋರ್. ಶೋರ್ ಅಂದರೆ ರಬ್ಬರಿನ ಗಡಸುತನದ ಅಳತೆ, ಅಂಕಿ ಹೆಚ್ಚಿದಷ್ಟು ಗಟ್ಟಿ. ಪಂಪುಗಳಿಗೆ ಹಾಕುವುದೇ ಅದು. ಮೆತ್ತಗಿದ್ದಷ್ಟು ಚೆನ್ನಾಗಿ ಮುಚ್ಚುತ್ತದೆ ಅಂತ ಎರಡೂ ಬಾಗಿಲಿಗೆ ಅದನ್ನೇ ಬಿಲ್ಲೆ ಕತ್ತರಿಸಿ ಹಾಕಿದೆ. ಹೊಸ ಚರ್ಮ ಹಾಕಿ ಕಟ್ಟಿದೆ. ಐದು ಸಲ ಪಂಪ್ ಮಾಡಿದೆ. ಗಾಳಿ ನಿಂತಿತು! ರಾತ್ರಿ ಪೂರ್ತಿ ನಿಂತಿತು. ಮಾಷ್ಟ್ರಿಗೆ ಫೋನ್ ಮಾಡಿ ಬೀಗಿದೆ. ಮರುದಿನ ಆರೇಳು ಸಲ ಹೊಡೆದು ನೋಡುತ್ತಿದ್ದೆ. ಇದ್ದಕ್ಕಿದ್ದಂತೆ ನಳಿಗೆಯಿಂದ ಉದ್ದಕ್ಕೂ 'ಸ್‌ಸ್‌ಸ್'. ಬಿಚ್ಚಿದರೆ ಹಿಂದಿನ ಬಾಗಿಲಿನ ರಬ್ಬರ್ ಅರ್ಧಚಂದ್ರವಾಗಿ ಕತ್ತರಿಸಿ ಹೋಗಿತ್ತು.

ಗಟಾರ್ ಪಂಪಿನ ಒತ್ತಡಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಅಲ್ಲಿ ನೀರು ಹೋಗುತ್ತಾ ಇರುತ್ತದೆ. ಇಲ್ಲಿ ಒತ್ತಡ ಬಹಳ ಹೆಚ್ಚು, ಬಾಗಿಲು ತೆರೆಯುವುದು ಸುತ್ತಿಗೆಯ ಏಟಿಗೆ. ಮೆತ್ತನೆಯ ರಬ್ಬರನ್ನು ಗಾಳಿ ತೂತಿನೊಳಗೆ ತಳ್ಳುತ್ತದೆ, ಏಟು ಬಿದ್ದಾಗ ಪೀಠದ, ಅಂದರೆ ಬಾಗಿಲು ಒತ್ತಿ ಕೂರುವ ಹಿತ್ತಾಳೆಯ ಉಂಗುರದ ಅಂಚು ಅದನ್ನು ಕತ್ತರಿಸುತ್ತದೆ. ಮುಂದಿನ ಬಾಗಿಲಿಗೆ ಏಟು ಇಲ್ಲದ್ದರಿಂದ ಅದು ಉಳಿದಿತ್ತು.

ಗಡಸು ವಸ್ತು ಬೇಕು. ಡೆಲ್ರಿನ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಹಾಕಬಹುದು, ಆದರೆ ಅದು ಸ್ವಲ್ಪವೂ ಬಗ್ಗದು. ಪೀಠ ಕನ್ನಡಿಯ ಹಾಗಿದ್ದರೆ ಮಾತ್ರ ಮುಚ್ಚುತ್ತದೆ. ನಡುವಿನ ದಾರಿ ಪಾಲಿಯುರೆಥೇನ್, 90 ಶೋರ್. ಮಲ್ಪೆಯಲ್ಲಿ ಬೋಟುಗಳ ಹೈಡ್ರಾಲಿಕ್ ವಿಂಚ್ ರಿಪೇರಿ ಮಾಡುವ ಸ್ನೇಹಿತನ ಹತ್ತಿರ ಬೆರಳುದ್ದದ ಕಡ್ಡಿ ಸಿಕ್ಕಿತು, ಸುಮ್ನೆ ಕೊಟ್ಟ.

ಪಾಲಿಯುರೆಥೇನನ್ನು ಲೇತಿನಲ್ಲಿ ತಿರುವುವ ಕಷ್ಟ ಗೊತ್ತಿದ್ದವರಿಗೆ ಗೊತ್ತು. ಉಳಿ ಮುಟ್ಟಿದರೆ ಕಡ್ಡಿ ಬಗ್ಗುತ್ತದೆ, ಕತ್ತರಿಸುವ ಬದಲು ಹರಿಯುತ್ತದೆ. ಅದಕ್ಕೆ ಮದ್ದು ತಂಪು. ಕಡ್ಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮನೆಯ ಫ್ರೀಜರಿನಲ್ಲಿ ಬಂಗುಡೆಯ ಪಕ್ಕ ಒಂದು ರಾತ್ರಿ ಇಟ್ಟೆ. "ಮೀನಿನ ಜೊತೆ ಇದೆಂತ ಹಾಕಿದ್ದೀರಿ?" ಅಂತ ಬೆಳಿಗ್ಗೆ ಮನೆಯವಳು ಕೇಳಿದ್ದಕ್ಕೆ ಉತ್ತರ ಕೊಡದೆ ವರ್ಕ್‌ಶಾಪಿಗೆ ಓಡಿದೆ. ಕಡ್ಡಿ ಗಟ್ಟಿಯಾಗಿರುವ ಐದಾರು ನಿಮಿಷದಲ್ಲಿ ಹೊಸ ಬ್ಲೇಡಿನಷ್ಟು ಹರಿತ ಮಾಡಿದ ಉಳಿಯಿಂದ ಅಳತೆಗೆ ತಿರುವಿ ಬಿಲ್ಲೆ ಕತ್ತರಿಸಬೇಕು. ಮೊದಲ ಎರಡು ಓರೆಯಾದವು. ಮೂರನೆಯದು, ನಾಲ್ಕನೆಯದು ಸರಿಬಂದವು.

ಹೊಸ ಸೀಲು ಹಾಕಿದರೂ ನಳಿಗೆಯಿಂದ ಸೋರಿಕೆ ಉಳಿಯಿತು. ಸಣ್ಣದು, ಕಿವಿಗೆ ಕೇಳದು. ನಳಿಗೆಯ ಬಾಯಿಗೆ ಮೀನಿನ ತೊಟ್ಟಿಯ ಪ್ಲಾಸ್ಟಿಕ್ ನಳಿಕೆ ಸಿಕ್ಕಿಸಿ ಇನ್ನೊಂದು ತುದಿಯನ್ನು ನೀರಿನ ಲೋಟದಲ್ಲಿ ಬಿಟ್ಟೆ. ನಾಲ್ಕು ಸೆಕೆಂಡಿಗೆ ಒಂದು ಗುಳ್ಳೆ. ಐದು ನಿಮಿಷ ಎಣಿಸುತ್ತಾ ಕೂತೆ, ಒಂದು ಗುಳ್ಳೆಯೂ ಹೊತ್ತು ತಪ್ಪಲಿಲ್ಲ. ಹೊರಗೆ ಆಟಿ ತಿಂಗಳ ಮಳೆ ಹಂಚಿನ ಮೇಲೆ ಹೊಡೆಯುತ್ತಿತ್ತು.

ಹಾಗಾದರೆ ತಪ್ಪು ಸೀಲಿನದಲ್ಲ, ಪೀಠದ್ದು. ಪೀಠದ ಹಿತ್ತಾಳೆಗೆ ಕಪ್ಪು ಮಾರ್ಕರ್ ಹಚ್ಚಿ, ವಾಲ್ವನ್ನು ಒತ್ತಿ ಒಂದು ಸುತ್ತು ತಿರುಗಿಸಿ ತೆಗೆದೆ. ಉಂಗುರ ಪೂರ್ತಿ ಅಳಿಸಬೇಕಿತ್ತು. ಒಂದು ಕಡೆ ಸಾಸಿವೆ ಕಾಳಿನಷ್ಟು ಜಾಗದಲ್ಲಿ ಕಪ್ಪು ಹಾಗೇ ಉಳಿದಿತ್ತು. ಭೂತಗನ್ನಡಿಯಲ್ಲಿ ನೋಡಿದರೆ ಗೀರು. ಕಿಲುಬು ತಿಂದದ್ದೋ, ಹಿಂದಿನವನ ಉಳಿ ಜಾರಿದ್ದೋ, ಹೇಳಲಾಗದು. ನನಗೆ ಉಳಿಯ ಮೇಲೇ ಅನುಮಾನ.

ಎಂಜಿನ್ ವಾಲ್ವಿಗೆ ಹಾಕುವ ಗ್ರೈಂಡಿಂಗ್ ಪೇಸ್ಟ್ ಕೈಯಲ್ಲೇ ಇತ್ತು, ಬೇಕೆಂದೇ ಬದಿಗಿಟ್ಟೆ. ಅದರ ಕಾಳು ಗಟ್ಟಿ, ಹಿತ್ತಾಳೆ ಮೆತ್ತಗೆ. ಕಾಳು ಹಿತ್ತಾಳೆಯೊಳಗೆ ನೆಟ್ಟು ಕೂತರೆ ಆ ಪೀಠ ಆಮೇಲೆ ಸೀಲನ್ನು ಅರದ ಹಾಗೆ ಉಜ್ಜುತ್ತಲೇ ಇರುತ್ತದೆ. ಹಲಸಿನ ಮರದ ಒಂದು ತುಂಡನ್ನು ಪೀಠದ ಅಳತೆಗೆ ತಿರುವಿ, ತುದಿಗೆ ಹಿತ್ತಾಳೆ ಉಜ್ಜುವ ಬ್ರಾಸೋ ಪಾಲಿಶ್ ಹಚ್ಚಿ, ಕೈಯಿಂದಲೇ ಹತ್ತು ಸುತ್ತು ಆ ಕಡೆ, ಹತ್ತು ಸುತ್ತು ಈ ಕಡೆ. ಒರೆಸು, ಮಾರ್ಕರ್ ಹಚ್ಚು, ನೋಡು. ಮತ್ತೆ ಹತ್ತು. ಸಾಸಿವೆ ಎಳ್ಳಾಯಿತು, ಎಳ್ಳು ಗಸಗಸೆಯಾಯಿತು. ಎರಡು ದಿನ ಅಲ್ಲಿ ಇಲ್ಲಿ ಕದ್ದ ಹೊತ್ತಿನಲ್ಲಿ ಇದೇ ಕೆಲಸ. ನಡುವೆ ಮದ್ದು ಬಿಡುವವರು ಬಂದು "ನಮ್ಮ ಪಂಪ್ ಬಿಟ್ಟು ಆಟಿಕೆ ಹಿಡ್ಕೊಂಡು ಕೂತಿದ್ದಾನೆ" ಅಂತ ಬೈದು ಹೋದರು. ತಪ್ಪೇನಿಲ್ಲ ಅವರದು.

ಗಸಗಸೆಯಷ್ಟು ಉಳಿದಾಗ ನಿಲ್ಲಿಸಿದೆ. ಇನ್ನೂ ತೆಗೆದರೆ ಪೀಠ ಅಗಲವಾಗುತ್ತದೆ. ಅಗಲವಾದರೆ ಅದೇ ಒತ್ತಡ ಹೆಚ್ಚು ಜಾಗಕ್ಕೆ ಹಂಚಿಹೋಗಿ ಸೀಲು ಕೂರುವ ಬಿಗಿ ಕಡಿಮೆಯಾಗುತ್ತದೆ. ಹಳೇ ವಸ್ತುವಿನ ಹಿತ್ತಾಳೆ ಒಮ್ಮೆ ಹೋದರೆ ಹೋಯಿತು. ಸೀಲು ಇನ್ನೊಂದು ಕತ್ತರಿಸಬಹುದು.

ಚರ್ಮದ ಬಟ್ಟಲಿನಲ್ಲೂ ಒಂದು ಪಾಠ ಬಾಕಿಯಿತ್ತು. ಪಂಪಿನ ಚರ್ಮದ ವಾಷರಿಗೆ ಅಂತ ಇಟ್ಟ ಒಳ್ಳೇ ಚರ್ಮವನ್ನು ನೀರಲ್ಲಿ ನೆನೆಸಿ, ಅಚ್ಚಿನಲ್ಲಿ ಒತ್ತಿ, ಎರಡು ದಿನ ಬಿಟ್ಟಿದ್ದೆ. ಮಳೆಗಾಲದಲ್ಲಿ ಚರ್ಮ ಒಣಗುವ ಬದಲು ಬೂಸ್ಟು ಹಿಡಿಯಲು ಶುರುವಾಯಿತು. ಅಡುಗೆಮನೆಯ ಒಲೆಯ ದಂಡೆಯಲ್ಲಿಟ್ಟು ಒಣಗಿಸಿ, ಸಾದಾ 30 ನಂಬರಿನ ಮಿನರಲ್ ಆಯಿಲ್‌ನಲ್ಲಿ ನೆನೆಸಿಟ್ಟೆ. ಪಂಪ್ ಚೆನ್ನಾಗಿ ಬಿಗಿ ಕೊಟ್ಟಿತು, ಆದರೂ ಏಟಿಗೆ ಜೋರಿಲ್ಲ. ಹ್ಯಾಂಡಲ್ ಪೂರ್ತಿ ಮುಚ್ಚಿದಾಗ ಚರ್ಮದ ಮುಖ ವಾಲ್ವಿಗೆ ತಾಗಬೇಕು. ತಾಗದೆ ಉಳಿದ ಜಾಗದ ಗಾಳಿ ಕೋಣೆಗೆ ಹೋಗುವುದೇ ಇಲ್ಲ, ಸುಮ್ನೆ ಕುಗ್ಗಿ ಹಿಗ್ಗುತ್ತದೆ. ಒಂದು ಚಿಟಿಕೆ ಚಪಾತಿ ಹಿಟ್ಟನ್ನು ಪಿಸ್ಟನ್ ತುದಿಗೆ ಅಂಟಿಸಿ ಹ್ಯಾಂಡಲ್ ಮುಚ್ಚಿ ತೆಗೆದೆ. ಚಪ್ಪಟೆಯಾದ ಹಿಟ್ಟಿನ ದಪ್ಪ 3 ಮಿಲಿಮೀಟರ್. ಪಿಸ್ಟನ್ ಓಡುವ ದೂರ ಸುಮಾರು 150. ಲೆಕ್ಕಕ್ಕೆ, ಎಷ್ಟೇ ಪಂಪ್ ಮಾಡಿದರೂ ಒತ್ತಡ ಹೊರಗಿನ ಗಾಳಿಯ 50 ಪಟ್ಟು ದಾಟದು. ಅದೇ ಸಂದು 1 ಮಿಲಿಮೀಟರ್ ಆದರೆ 150 ಪಟ್ಟಿನವರೆಗೆ ಅವಕಾಶ ಉಂಟು. ಹಿಂದಿನವನು ಟ್ಯೂಬಿನ ತುಂಡು ಹಾಕಿದ್ದು ಇದಕ್ಕೇ ಇರಬೇಕು. ಯೋಚನೆ ಸರಿ, ವಸ್ತು ತಪ್ಪು. ನಾನು ಚರ್ಮದ ಹಿಂದೆ ಹಿತ್ತಾಳೆಯ ತೆಳು ವಾಷರ್ ಇಟ್ಟು ಹಿಟ್ಟು ಕಾಗದದಷ್ಟು ತೆಳುವಾಗುವವರೆಗೆ ಸರಿಹೊಂದಿಸಿದೆ.

ಕಟ್ಟಿದ ಮೇಲೆ ಹ್ಯಾಂಡಲ್ ಏಳಲಿಲ್ಲ. ಲೋಟದಲ್ಲಿ ಹತ್ತು ನಿಮಿಷಕ್ಕೂ ಗುಳ್ಳೆ ಇಲ್ಲ. ಶೂಟಿಂಗ್ ಕಲಿಯುವ ಹುಡುಗನೊಬ್ಬ ಗುಂಡಿನ ವೇಗ ಅಳೆಯುವ ಯಂತ್ರ ತಂದ. ಅರ್ಧ ಗ್ರಾಮಿನ ಗುಂಡು, ಎಂಟು ಪಂಪ್, ಸೆಕೆಂಡಿಗೆ ಸುಮಾರು 190 ಮೀಟರ್. ಅಂದರೆ 9 ಜೂಲ್. 20ರ ಗೆರೆ ಮುಟ್ಟಬೇಕಾದರೆ ಅದೇ ಗುಂಡು 280 ಮೀಟರ್ ದಾಟಬೇಕು. ಎಂಟರ ಮೇಲೆ ಪಂಪ್ ಮಾಡಲು ನಾನು ಹುಡುಗನಿಗೆ ಬಿಡಲಿಲ್ಲ. ಒತ್ತಡ ಮಿತಿ ಮೀರಿದರೆ ಸುತ್ತಿಗೆಗೆ ಬಾಗಿಲು ತೆರೆಯಲಾಗದೆ ಗಾಳಿ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಈ ಹಳೇ ಬೆಸುಗೆಯ ಮೇಲೆ ಅಷ್ಟು ನಂಬಿಕೆಯೂ ನನಗಿಲ್ಲ.

ಮಾಷ್ಟ್ರು ಬಂದರು. ಅವರ ಕೈಗೆ ಒಂದು ಪುಟ್ಟ ಬಾಟಲಿ ಕೊಟ್ಟೆ, ಅದೇ 30 ನಂಬರಿನ ಎಣ್ಣೆ. ವರ್ಷಕ್ಕೆ ಎರಡು ಹನಿ, ಪಂಪಿನ ಚರ್ಮಕ್ಕೆ ಮಾತ್ರ. ಇಡುವಾಗ ಒಂದು ಪಂಪ್ ಗಾಳಿ ಒಳಗಿರಲಿ. ಬಾಗಿಲುಗಳು ಒತ್ತಿಕೊಂಡಿದ್ದರೆ ಧೂಳು ಹೋಗದು. ಗುಂಡು ಮಾತ್ರ ಒಳಗಿರಕೂಡದು, ಮಕ್ಕಳ ಕೈಗೆ ಸಿಗುವಲ್ಲೂ ಇಡಕೂಡದು. ಪಕ್ಕದ ಮನೆಯವರ ಸ್ಪ್ರಿಂಗ್ ಗನ್ನಿಗೆ ಈ ಎಣ್ಣೆ ಕೊಡಬೇಡಿ ಅಂತಲೂ ಹೇಳಿದೆ. ಅದರ ಕೋಣೆಯಲ್ಲಿ ಎಣ್ಣೆ ಬಿದ್ದರೆ ಏಟಿನ ಬಿಸಿಗೆ ಡೀಸೆಲ್ ಎಂಜಿನ್ನಿನ ಹಾಗೆ ಹೊತ್ತಿಕೊಳ್ಳುತ್ತದೆ.

"ಮತ್ತೆ ತೆಂಗಿನೆಣ್ಣೆ?"

"ದೀಪಕ್ಕೆ ಹಾಕಿ ಮಾಷ್ಟ್ರೆ."

ಆಯುಧಪೂಜೆ ಮುಗಿದ ಮರುದಿನ ಅವರ ಫೋನ್ ಬಂತು. ಕುಂಕುಮ ಮರದ ಹಿಡಿಗೆ ಮಾತ್ರ ಹಚ್ಚಿದ್ದೇನೆ, ಹಿತ್ತಾಳೆಗೆ ಮುಟ್ಟಿಸಿಲ್ಲ ಅಂದರು. ಐದು ಪಂಪ್ ಹಾಕಿ ಇಟ್ಟದ್ದು ಹತ್ತು ದಿನಕ್ಕೆ ಮೆತ್ತಗಾಗಿದೆ ಅಂತಲೂ ಹೇಳಿದರು. ಆ ಗಸಗಸೆಯಷ್ಟು ಗೀರಿನದೇ ಕೆಲಸ ಅದು. ಬಿಚ್ಚಬೇಕಾ ಅಂತ ಕೇಳಿದರು. ಬೇಡ, ಹಾಗೇ ಇರಲಿ ಅಂದೆ.